ಮಾವನವರು ಬಾಳಿಕೆಯ ಗಾಡಿ ನೋಡಿದ್ದು

ವಕೀಲರ ಮನೆಯಲ್ಲಿ ಏನು ಕೊಳ್ಳಲು ಹೊರಟರೂ ಅದೊಂದು ಮೊಕದ್ದಮೆಯಾಗುತ್ತದೆ. ನಮ್ಮ ಮನೆಯಲ್ಲಿ ಇದು ಇವತ್ತು ನಿನ್ನೆಯದಲ್ಲ. ಬಾಗಿಲಿಗೆ ಬಂದ ತರಕಾರಿಯವಳು "ಬದನಿಕಾಯಿ ಇವತ್ತ ಹರದದ್ದು" ಎಂದರೆ ಸಾಕು, ನಮ್ಮ ಮಾವನವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೇಳುತ್ತಿದ್ದರು: "ಹರಿಯೂದನ್ನ ನೀನ ಕಣ್ಣಾರೆ ನೋಡಿದ್ಯೋ, ಯಾರರ ಹೇಳಿದ್ದು ಕೇಳಿ ಹೇಳಾಕತ್ತೀಯೋ?" ಅವಳು ಬೇರೆ ಓಣಿ ಹಿಡಿದಳು. ನಾವು ಸಪ್ತಾಪುರದವರು ಪೇಟೆಗೆ ಹೋಗಿ ಬದನೆಕಾಯಿ ತರುತ್ತೇವೆ.

ಮಾವನವರು ಧಾರವಾಡದಲ್ಲಿ ನಲವತ್ತು ವರ್ಷ ಅಪಘಾತ ಪರಿಹಾರದ ಮೊಕದ್ದಮೆ ನಡೆಸಿದವರು. ಅದೂ ವಿಮಾ ಕಂಪನಿಯ ಪರವಾಗಿ. ಅಂದರೆ ರಸ್ತೆಯಲ್ಲಿ ಸತ್ತವನ ಮನೆಯವರು ಪರಿಹಾರ ಕೇಳಿಕೊಂಡು ಬಂದಾಗ, ಆ ಮನುಷ್ಯ ಹಾಗೂ ಬಹಳ ದಿನ ಬಾಳುವವನಾಗಿರಲಿಲ್ಲ ಎಂದು ವಾದಿಸುವುದು ಅವರ ಕೆಲಸ. ನಾನು ಅವರ ಸೊಸೆ. ಮದುವೆಯಾಗಿ ಬಂದ ಮೇಲೆ ಅವರ ಕೈಕೆಳಗೇ ವಕೀಲಿ ಕಲಿತೆ. ಕಲಿತದ್ದನ್ನೆಲ್ಲ ಅವರ ವಿರುದ್ಧವೇ ಬಳಸತೊಡಗಿದೆ, ಯಾಕೆಂದರೆ ನನ್ನ ಹತ್ತಿರ ಬರುವವರೆಲ್ಲ ಸತ್ತವರ ಮನೆಯವರು. ಬೆಳಿಗ್ಗೆ ಒಂದೇ ಹಳೆಯ ಸಣ್ಣ ಕಾರಿನಲ್ಲಿ ಕೋರ್ಟಿಗೆ ಹೋಗಿ, ಹಗಲೆಲ್ಲ ಎದುರುಬದುರು ನಿಂತು ಕಚ್ಚಾಡಿ, ಸಂಜೆ ಅದೇ ಕಾರಿನಲ್ಲಿ ಮನೆಗೆ ಬರುತ್ತಿದ್ದೆವು. ಸೋತವರು ಕಾರು ಓಡಿಸಬೇಕು ಎಂಬ ಕರಾರಿತ್ತು. ನಾನು ಇಷ್ಟು ಚೆನ್ನಾಗಿ ಕಾರು ಓಡಿಸುವುದನ್ನು ಕಲಿತದ್ದು ಹಾಗೆ.

೧. ಐದರ ಗುಣಕ

ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮಾವನವರಿಗೆ ಮೆಟ್ಟಿಲು ಹತ್ತಿದರೆ ದಮ್ಮು ಬರತೊಡಗಿತು. ನಮ್ಮ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಹೃದಯದ ಒಂದು ಕವಾಟ ಬಿಗಿದುಕೊಂಡಿದೆ, ಅದನ್ನು ತೆಗೆದು ಬೇರೆಯದು ಹಾಕಿಸಬೇಕು ಎಂದರು. ನಾವು ಎದ್ದು ಹೊರಗೆ ಬಂದ ಮೇಲೆ ನನ್ನೊಬ್ಬಳನ್ನೇ ಮತ್ತೆ ಒಳಗೆ ಕರೆದು, "ಹಿಂಗ ಬಿಟ್ರ ಬಹಳ ದಿನಾ ಅಂತ ನಾ ಹೇಳಲಾರೆ" ಎಂದರು. ಆ ಮಾತು ಹೊತ್ತುಕೊಂಡು ನಾನು ಮನೆಗೆ ಬಂದೆ. ಅವತ್ತಿನಿಂದ ನನಗೆ ಊಟ ಸರಿಯಾಗಿ ಸೇರಲಿಲ್ಲ.

ಮಾವನವರಿಗೆ ಮಾತ್ರ ಸೇರಿತು. ಎರಡನೆಯ ಸಲ ಸಾರು ಹಾಕಿಸಿಕೊಂಡು ತೀರ್ಪು ಕೊಟ್ಟರು. "ಆಪರೇಷನ್ ಬ್ಯಾಡ. ದುರಸ್ತಿ ಖರ್ಚು ಗಾಡಿ ಕಿಮ್ಮತ್ತಿಗಿಂತ ಹೆಚ್ಚಾತಂದ್ರ ಆ ಗಾಡಿ ದುರಸ್ತಿ ಮಾಡಸಬಾರದು. ಪೂರ್ಣ ನಷ್ಟ ಅಂತ ಬರದು ಕಡತ ಮುಚ್ಚಬೇಕು."

"ನೀವು ಗಾಡಿ ಅಲ್ರಿ, ಮಾವ" ಎಂದೆ.

"ಲೆಕ್ಕ ಲೆಕ್ಕನ ಅಲಾ? ನನ್ನ ಗುಣಕ ಎಷ್ಟು ಹೇಳು."

ಗುಣಕವೆಂದರೆ ನಮ್ಮ ಮೊಕದ್ದಮೆಗಳ ಒಂದು ಅಂಕಿ. ಸತ್ತವನ ವರ್ಷದ ದುಡಿಮೆಯನ್ನು ಅದರಿಂದ ಗುಣಿಸಿ ಪರಿಹಾರ ಕಟ್ಟುತ್ತಾರೆ. ಎಳೆಯ ವಯಸ್ಸಿಗೆ ದೊಡ್ಡ ಅಂಕಿ, ವಯಸ್ಸಾದ ಹಾಗೆ ಸಣ್ಣದು. ಅರವತ್ತೈದು ದಾಟಿದವರಿಗೆಲ್ಲ ಐದು, ಅದಕ್ಕಿಂತ ಕೆಳಗೆ ಇಲ್ಲ. ಅದು ಪರಿಹಾರದ ಲೆಕ್ಕ, ಆಯುಷ್ಯದ ಲೆಕ್ಕವಲ್ಲ. ಆದರೆ ನಲವತ್ತು ವರ್ಷ ಅದೇ ಅಂಕಿ ಹಿಡಿದು ಗುದ್ದಾಡಿದ ಮನುಷ್ಯನಿಗೆ ಅದು ಹಣೆಯ ಮೇಲೆ ಬರೆದ ಹಾಗೆ ಕಾಣತೊಡಗಿತ್ತು. ಮಾವನವರು ತಮಗೆ ಐದು ವರ್ಷ ಎಂದು ನಿರ್ಧರಿಸಿದ್ದರು. ಎದೆಯ ಸಲುವಾಗಿ ಅದರಲ್ಲೂ ಸ್ವಲ್ಪ ವಜಾ ಮಾಡಿಕೊಂಡಿದ್ದರು.

ಮುಂದಿನ ರವಿವಾರ ಅವಲಕ್ಕಿ ತಿನ್ನುತ್ತ ಅವರೇ ಹೇಳಿದರು: "ಒಂದು ದೊಡ್ಡ ಗಾಡಿ ತಗೊಳೂಣು. ಭಾರೀದು. ಮೂರು ವರ್ಷಕ್ಕ ಮೂಲಿಗೆ ಬೀಳೂ ಅಂಥಾದ್ದಲ್ಲ. ಹತ್ತು ವರ್ಷ ಬಾಳಿಕಿ ಬರೂ ಅಂಥಾದ್ದು."

ನನ್ನ ಕೈಯ ಚಮಚ ನಿಂತಿತು. ಹತ್ತು ವರ್ಷ ಎಂದಿದ್ದರು! ಐದಲ್ಲ, ಹತ್ತು! ನಮ್ಮವರು ಕಾಲೇಜಿನಲ್ಲಿ ಭೂಗೋಳ ಕಲಿಸುವವರು, ಗಾಡಿಯ ವಿಷಯ ಅವರಿಗೆ ತಿಳಿಯದು, ಗಾಬರಿಯಿಂದ ನನ್ನ ಮುಖ ನೋಡಿದರು. ನಾನು ಕಣ್ಣಿನಲ್ಲೇ ಸುಮ್ಮನಿರಿ ಎಂದೆ. ಹತ್ತು ವರ್ಷದ ಗಾಡಿ ಬಯಸುವ ಮನುಷ್ಯ ಎಲ್ಲೋ ಒಳಗೆ ಹತ್ತು ವರ್ಷ ಬದುಕಲು ಬಯಸಿರಬೇಕು. ಗಾಡಿ ನೋಡುತ್ತ ನೋಡುತ್ತ ಮನಸ್ಸು ತಿರುಗಿದರೆ ತಿರುಗಲಿ ಎಂದು ನಾನು ಆ ಆಸೆಗೆ ಜೋತುಬಿದ್ದೆ. ಅವರು ಎಲ್ಲಿಗೆ ಕರೆದರೂ ಹೋಗುವುದೆಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಅತ್ತೆ ಒಳಗಿನಿಂದ ಚಹಾ ತಂದಿಟ್ಟು ಹೇಳಿದರು: "ಎದಿ ದುರಸ್ತಿ ಬ್ಯಾಡಂತ, ಭಾರೀ ಗಾಡಿ ಬೇಕಂತ. ಗಾಡೀಗೆ ಹೊಸಾ ಇಂಜಿನ್, ಡ್ರೈವರಗ ಹಳೇದು."

೨. ಪಾಟೀಸವಾಲು

ಮೊದಲು ಹುಬ್ಬಳ್ಳಿಯ ಷೋರೂಮಿಗೆ ಹೋದೆವು. ಒಳಗೆ ತಂಪು, ನೆಲ ಕನ್ನಡಿಯಂತೆ. ಕೋಟು ಹಾಕಿದ, ಮೈಸೂರು ಕಡೆಯ ಒಬ್ಬ ತರುಣ ಕೈಮುಗಿದು ಬಂದ. ಮಾವನವರು ಗಾಡಿಯನ್ನು ಮುಟ್ಟಲೂ ಇಲ್ಲ. ಕುರ್ಚಿ ಎಳೆದುಕೊಂಡು ಕೂತು, ಅವನಿಗೆ ಎದುರಿನ ಕುರ್ಚಿ ತೋರಿಸಿದರು. ಪಾಪ, ಅವನು ಕೂತ.

"ನೀವು ಈ ಗಾಡಿ ಎಷ್ಟು ದಿವಸದಿಂದ ಬಲ್ಲಿರಿ?"

"ನಾಲ್ಕು ವರ್ಷದಿಂದ ಮಾರ್ತಿದೀನಿ ಸರ್."

"ಮಾರೂದು ಬ್ಯಾರೆ, ಬಲ್ಲೂದು ಬ್ಯಾರೆ. ಹತ್ತನೇ ವರ್ಷಕ್ಕ ಈ ಗಾಡಿ ಹೆಂಗಿರ್ತದ?"

"ಸರ್, ನಮ್ಮ ಗ್ರಾಹಕರು ಸಾಮಾನ್ಯವಾಗಿ ಐದು ವರ್ಷಕ್ಕೆ ಗಾಡಿ ಬದಲಾಯಿಸ್ತಾರೆ."

ಮಾವನವರು ನನ್ನ ಕಡೆ ನೋಡಿದರು. ಎದುರಾಳಿಯ ಸಾಕ್ಷಿ ತಾನಾಗಿ ಹಳ್ಳಕ್ಕೆ ಇಳಿದಾಗ ಅವರು ಹಾಗೆ ನೋಡುವುದನ್ನು ನಾನು ಎಷ್ಟೋ ಸಲ ಎದುರು ಮೇಜಿನಿಂದ ಅನುಭವಿಸಿದ್ದೆ.

"ಐದನೇ ವರ್ಷಕ್ಕ ಬದಲಿ ಮಾಡ್ತಾರ. ಆರನೇ ವರ್ಷಕ್ಕ ಏನಾಗತದ ಅಂತ ಹೆದರಿ ಮಾಡ್ತಾರ. ಹೌದೋ ಅಲ್ಲೋ?"

"ಹೆದರಿಕೆ ಅಲ್ಲ ಸರ್... ಬೇಜಾರಾಗತ್ತೆ."

"ಯಾರಿಗೆ? ಗಾಡಿಗೋ, ಅವರಿಗೋ?"

"ಅವರಿಗೆ ಸರ್."

"ಹಂಗಾರ ಹತ್ತು ವರ್ಷ ಓಡಿಸಿದವರನ್ನ ನೀವು ನೋಡೇ ಇಲ್ಲ."

"ನೋಡಿಲ್ಲ ಸರ್, ಆದ್ರೆ..."

"ಆದ್ರ ಬ್ಯಾಡ. ನೋಡಿಲ್ಲ. ಅಷ್ಟ ಸಾಕು."

ಹುಡುಗನ ಹಣೆಯಲ್ಲಿ ಬೆವರು ಬಂದಿತ್ತು, ಆ ತಂಪಿನಲ್ಲೂ. ಗೇರಿನ ಪೆಟ್ಟಿಗೆ, ಒಳಗಿನ ಪರದೆಗಳು, ಕೂತರೆ ಏಳುವ ಎದ್ದರೆ ಕೂಡುವ ಗಾಲಿಯ ಮೇಲೆ ಸ್ಪ್ರಿಂಗಿನ ಬದಲು ಇರುವ ಗಾಳಿಚೀಲ, ಒಂದೊಂದರ ಮೇಲೂ ಹೀಗೇ ನಡೆಯಿತು. ಗಾಡಿ ಚಲೋ ಇದೆ ಎಂದು ಅವನು ಒಂದೇ ಒಂದು ಸಲ ಹೇಳಲು ಬಾಯಿ ತೆರೆದ. ಅದು ಅಭಿಪ್ರಾಯ, ಸಂಗತಿ ಅಲ್ಲ ಎಂದು ಮಾವನವರು ತಳ್ಳಿಹಾಕಿದರು. ಕಡೆಗೆ ಕನ್ನಡಕ ತೆಗೆದು ಮಡಚಿ, ಅಭ್ಯಾಸಬಲದಿಂದ, "ಆತು. ನೀವಿನ್ನ ಹೋಗಬಹುದು" ಎಂದರು.

ಅವನು ಎದ್ದು, ಕೈಮುಗಿದು, ಬಾಗಿಲು ತೆಗೆದುಕೊಂಡು ರಸ್ತೆಗೆ ಹೋಗಿಬಿಟ್ಟ. ಷೋರೂಮು ತನ್ನದೇ ಎಂದು ಅವನಿಗೆ ನೆನಪಾಗಿ ತಿರುಗಿ ಬರಲು ಸ್ವಲ್ಪ ಹೊತ್ತು ಹಿಡಿಯಿತು.

೩. ಗಾಡಿ ಮುಂದ ಆಡಬಾರದ ಮಾತು

ಮಾರುವವನ ಮಾತು ನಡೆಯಲಿಲ್ಲ. ಇನ್ನು ರಿಪೇರಿ ಮಾಡುವವನ ಮಾತು. ಉಣಕಲ್ಲಿನಲ್ಲಿ ಬರೀ ಭಾರೀ ಗಾಡಿಗಳನ್ನೇ ನೋಡುವ ಒಬ್ಬ ಮಿಸ್ತ್ರಿ ಇದ್ದಾರೆ. ಹಣ್ಣಾದ ಗಡ್ಡ, ಮೃದು ಮಾತು. ಅವರ ಅಜ್ಜ ಟಾಂಗಾ ಇಟ್ಟುಕೊಂಡಿದ್ದರಂತೆ. ಬ್ರೇಕು ಮೊದಲೇ ಹೋಗಿತ್ತೋ, ಗುದ್ದಿದ ಮೇಲೆ ಹೋಯಿತೋ ಎಂದು ಹೇಳಲು ಮಾವನವರು ಅವರನ್ನು ಹಿಂದೆ ಕೋರ್ಟಿಗೆ ಕರೆಸುತ್ತಿದ್ದರು. ನಾವು ಹೋದಾಗ ಅಂಥದೇ ಒಂದು ಗಾಡಿ ಬಾಯಿ ತೆರೆದು ನಿಂತಿತ್ತು, ಒಂಬತ್ತು ವರ್ಷ ಓಡಿದ್ದು.

"ಇದು ಹೆಂಗದ? ಇನ್ನೆಷ್ಟು ದಿವಸ ಬಂದೀತು?" ಎಂದು ಮಾವನವರು ಶುರು ಮಾಡಿದರು.

ಮಿಸ್ತ್ರಿ ತುಟಿಯ ಮೇಲೆ ಬೆರಳಿಟ್ಟುಕೊಂಡರು. "ವಕೀಲಸಾಹೇಬ್ರ, ಇಲ್ಲಿ ಬ್ಯಾಡ್ರಿ. ಹೊರಗ ಬರ್ರಿ."

"ಯಾಕ?"

"ನಮ್ಮಜ್ಜ ಕುದರಿ ಮುಂದ ಕುದರಿ ವಯಸ್ಸಿನ ಮಾತು ಆಡತಿದ್ದಿಲ್ರಿ. ಅದು ಕೇಳಿಸ್ಕೊಂತೈತಿ, ಮರದಿನ ಏರು ಹತ್ತೂದಿಲ್ಲ ಅಂತಿದ್ರು. ನನಗೂ ಅದ ರೂಢಿ ಬಂದೈತ್ರಿ. ಇಂಥಾ ಮಾತೆಲ್ಲ ಗಾಡಿ ಹಿಂದ."

ಕರೆದುಕೊಂಡು ಹೋದದ್ದು ಎಲ್ಲಿಗೆ? ಕೆರೆಯ ದಂಡೆಯ ತನಕ. ಸ್ವಲ್ಪ ಏರು ಬೇರೆ ಇತ್ತು. ಅಲ್ಲಿ ನಿಂತು ಮಿಸ್ತ್ರಿ, ಗಾಡಿಗೆ ಕೇಳಿಸದಂತೆ ದನಿ ಇಳಿಸಿ ಹೇಳಿದರು: "ಗಾಡಿ ಭಾಳ ಛಲೋ ಐತ್ರಿ. ಗೇರಿನ ಪೆಟ್ಟಿಗಿ ಒಂದ್ಸಲಾ ಇಳಿಸಬೇಕಾಗಿತ್ತು, ಅದು ಸಣ್ಣದ್ರಿ. ಹಿಂದಿನ ಗಾಳಿಚೀಲ ಎರಡೂ ಹೋಗಿದ್ವು, ಅದೂ ಸಣ್ಣದ. ಒಂದಿವಸ ತಾನ ಬಾಗಿಲಾ ಹಾಕ್ಕೊಂಡು ಮಾಲಕ್ರನ್ನ ಒಳಗ ಇಟ್ಕೊಂಡಿತ್ತು. ಅದಂತೂ ಏನೂ ಅಲ್ಲ ಬಿಡ್ರಿ."

"ನಿಮ್ಮ ಪ್ರಕಾರ ದೊಡ್ಡದು ಯಾವುದು ಮಿಸ್ತ್ರಿ?" ಎಂದೆ.

"ಅದು ಇನ್ನೂ ಬಂದಿಲ್ರಿ ಅಕ್ಕಾರ" ಎಂದು ಸಮಾಧಾನದಿಂದ ಹೇಳಿದರು.

ಮಾವನವರು ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದರು. ಮಾತು ಬರಲಿಲ್ಲ. ಏರು ಹತ್ತಿದ್ದಕ್ಕೆ ದಮ್ಮು ಕಟ್ಟಿ, ಅಲ್ಲಿದ್ದ ಕಲ್ಲಿನ ಮೇಲೆ ಕೂತುಬಿಟ್ಟರು. ತುಟಿಯ ಬಣ್ಣ ಹೋಗಿತ್ತು. ನಾನು ಬೆನ್ನು ಸವರುತ್ತ ನಿಂತೆ. ಮಿಸ್ತ್ರಿ ಒಂದು ಗಳಿಗೆ ಅವರ ಎದೆ ಏರಿಳಿಯುವುದನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ಅಕ್ಕಾರ, ನೀವು ಒಂದೀಟು ಈ ಕಡೆ ಬರ್ರಿ" ಎಂದು ನನ್ನನ್ನು ಅಲ್ಲಿಂದಲೂ ಆಚೆ, ಬೇವಿನ ಮರದ ಹಿಂದೆ ಕರೆದುಕೊಂಡು ಹೋದರು.

ಮಿಸ್ತ್ರಿ ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲಿ ಹಿಂದಿನಿಂದ ಮಾವನವರ ದನಿ ಬಂತು, ದಮ್ಮಿನ ನಡುವೆಯೇ ಕೋರ್ಟಿನ ದನಿ:

"ಏ ಮಿಸ್ತ್ರೀ! ನನ್ನ ಮುಂದನ ಹೇಳು! ನಾ ಏನು ಗಾಡಿಯೇನು?"

೪. ಒಂದು ದಿನಾನೂ ತ್ರಾಸು ಕೊಡದ ಗಾಡಿ

ಇಷ್ಟಾದರೂ ಅವರಿಗೆ ಇನ್ನೊಬ್ಬ ಸಾಕ್ಷಿ ಬೇಕಿತ್ತು. ಗಾಡಿಯನ್ನು ಸ್ವತಃ ಇಟ್ಟುಕೊಂಡವನು. ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ಅರಿವೆಯ ವ್ಯಾಪಾರಿ, ಮಾವನವರ ಪರಿಚಯದವರು. ಅದೇ ಗಾಡಿ ಅವರ ಹತ್ತಿರ ಬಹಳ ವರ್ಷದಿಂದ ಇದೆಯೆಂದು ತಿಳಿಯಿತು.

ಅಂಗಡಿಯಲ್ಲಿ ಲೋಡಿಗೆ ಒರಗಿ ಕೂತ ಅವರು ಗಾಡಿಯ ಮಾತು ಬಂದದ್ದೇ ಎದ್ದು ಕೂತರು. "ಏನ್ ಕೇಳ್ತೀರಿ! ಒಂಬತ್ತು ವರ್ಷಾತು, ಒಂದು ದಿನಾನೂ ತ್ರಾಸು ಕೊಟ್ಟಿಲ್ಲ. ಒಂದು ಮೊಳಿ ಬದಲಿ ಮಾಡಿಲ್ಲ. ಬಣ್ಣಾ ಹೆಂಗ ಅದ ಗೊತ್ತೇನು? ಷೋರೂಮಿನ್ಯಾಗೂ ಹಂಗಿಲ್ಲ."

ಮಾವನವರಿಗೆ ಬಹಳ ಸಂತೋಷವಾಯಿತು. ನೋಡಬಹುದೇ ಎಂದು ಕೇಳಿದರು. ವ್ಯಾಪಾರಿ ಕೀಲಿಕೈಯ ಗೊಂಚಲು ಹಿಡಿದು ಮುಂದಾದರು. ಓಣಿಯೊಳಗೆ ಓಣಿ ಹೊಕ್ಕು, ಒಂದು ಗೋದಾಮಿನ ಬಾಗಿಲು ತೆಗೆಸಿದರು. ಅರಿವೆಯ ಗಂಟುಗಳ ನಡುವೆ, ಮೂರು ಪದರು ಹೊದಿಕೆಯ ಕೆಳಗೆ ಗಾಡಿ ಇತ್ತು. ಹೊದಿಕೆ ಸರಿಸಿದರೆ ಖರೆಯೇ, ಹೊಚ್ಚ ಹೊಸದು. ಆಸನದ ಮೇಲಿನ ಪ್ಲಾಸ್ಟಿಕ್ಕು ಕೂಡ ಹಾಗೇ.

"ಎಷ್ಟು ಓಡೇದ?" ಎಂದರು ಮಾವನವರು.

"ಓಡಿಸೂದೆಲ್ಲಿ ಬಂತ್ರಿ? ನಮ್ಮ ಮನಿ ಓಣ್ಯಾಗ ಇದು ಹಿಡಿಸೂದಿಲ್ಲ. ತರೂ ಮುಂದ ಅಗಲ ನೋಡೂದು ಮರತಿದ್ದೆ. ದಸರಾಕ್ಕ ಪೂಜಾ ಮಾಡಿ ಮುಂದಿನ ರಸ್ತೆ ಮಟಾ ಒಯ್ದು ತರ್ತೇವಿ. ಮತ್ತ ಓಡಿಸಿದ್ರ ಸವೀತದಲ್ರಿ?"

"ನೀವು ಎದರಾಗ ಅಡ್ಡಾಡ್ತೀರಿ?"

"ಸ್ಕೂಟರ್ ಅದಲಾ!" ಎಂದು ವ್ಯಾಪಾರಿ ಹೆಮ್ಮೆಯಿಂದ ಹೊದಿಕೆ ಎಳೆದರು.

ಮನೆಗೆ ಬಂದು ಮಾವನವರು ಅತ್ತೆಗೆ ಇದನ್ನೆಲ್ಲ ನಕ್ಕು ನಕ್ಕು ಹೇಳಿದರು. ಡಾಕ್ಟರು ಏರಬೇಡಿ, ಓಡಾಡಬೇಡಿ ಎಂದ ಮೇಲೆ ಅವರು ಕೋರ್ಟು ಬಿಟ್ಟಿದ್ದರು, ವಾಯುವಿಹಾರ ಬಿಟ್ಟಿದ್ದರು, ಸಂಗೀತದ ಬೈಠಕ್ಕುಗಳನ್ನೂ ಬಿಟ್ಟಿದ್ದರು, ಮಾಳಿಗೆಯಿಂದ ಹಾಸಿಗೆಯನ್ನೂ ಕೆಳಗೆ ತರಿಸಿಕೊಂಡಿದ್ದರು. ಅತ್ತೆ ಎಲ್ಲ ಕೇಳಿಸಿಕೊಂಡರು. ನಗಲಿಲ್ಲ.

"ಆಪರೇಷನ್ ಬ್ಯಾಡಂದ್ರ ನಾನೂ ಹಂಗ ಮಾಡ್ತೇನಿ" ಎಂದರು. "ಒಂದು ದೊಡ್ಡ ಚಾದರ ತರಸ್ತೇನಿ. ವರ್ಷಕ್ಕೊಮ್ಮಿ ಕುಂಕುಮಾ ಹಚ್ಚಿ, ಅಂಗಳದ ಮಟಾ ಕರಕೊಂಡ್ಹೋಗಿ, ತಂದು ಮುಚ್ಚಿ ಇಡ್ತೇನಿ."

೫. ಸದ್ದಿಲ್ಲದ ಗಾಡಿ

ಷೋರೂಮಿನ ಹುಡುಗ ಒಳ್ಳೆಯವನು. ಅಷ್ಟೆಲ್ಲ ಮಾಡಿದರೂ ಮರೆತು, ಓಡಿಸಿ ನೋಡಿ ಸರ್ ಎಂದು ಗಾಡಿಯನ್ನು ಸಪ್ತಾಪುರದ ನಮ್ಮ ಬಾಗಿಲಿಗೇ ತಂದ. ಅವನು ಓಡಿಸಿದ, ನಾನು ಮುಂದೆ ಕೂತೆ, ಮಾವನವರು ಹಿಂದೆ ಒರಗಿ ಕೂತರು. ಹುಬ್ಬಳ್ಳಿಯ ದಾರಿ ಹಿಡಿದೆವು.

ಹುಡುಗ ಉತ್ಸಾಹದಲ್ಲಿದ್ದ. "ಮೇಡಂ, ಕಿಟಕಿ ಹಾಕಿದ್ರೆ ಹೊರಗಿನ ಒಂದು ಸದ್ದೂ ಕೇಳಲ್ಲ, ನೋಡಿ" ಎಂದ. ನಿಜ. ಪಕ್ಕದಲ್ಲೇ ದೊಡ್ಡ ಬಸ್ಸು ಹೋಯಿತು, ಬರೀ ಕಂಡಿತು, ಕೇಳಲಿಲ್ಲ. ನಮ್ಮ ಸಣ್ಣ ಕಾರಿನಲ್ಲಾದರೆ ಮಾವನವರ ದಮ್ಮು ಇಂಜಿನ್ನಿನ ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತು. ಇಲ್ಲಿ ಅವರು ಉಸಿರು ಎಳೆಯುವುದು, ಬಿಡುವುದು ಎಲ್ಲ ನನ್ನ ಕಿವಿಯಲ್ಲೇ ನಡೆದ ಹಾಗಿತ್ತು. ನಾನು ಗಾಡಿಯ ಮಾತು ಬಿಟ್ಟು ಅದನ್ನೇ ಕೇಳುತ್ತ ಕೂತೆ. ಅಷ್ಟು ಕಷ್ಟದಿಂದ ಅವರು ಉಸಿರಾಡುತ್ತಾರೆಂದು ನನಗೆ ಆವರೆಗೆ ತಿಳಿದಿರಲಿಲ್ಲ.

ನವನಗರ ದಾಟಿದ ಮೇಲೆ ಆ ಸದ್ದು ನಿಂತಿತು.

ನಾನು ತಿರುಗಿದೆ. ತಲೆ ಒಂದು ಕಡೆಗೆ ವಾಲಿತ್ತು. ಕೈ ಆಸನದ ಮೇಲೆ ಬಿಚ್ಚಿ ಬಿದ್ದಿತ್ತು. "ಮಾವ" ಎಂದೆ. "ಮಾವ!" ಎಂದು ಕೂಗಿದೆ. "ನಿಲ್ಲಸ್ರಿ, ನಿಲ್ಲಸ್ರಿ" ಎಂದು ಹುಡುಗನ ತೋಳು ಹಿಡಿದು ಎಳೆದೆ. ಅವನು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ, ನೀರಿನ ಬಾಟಲಿ ತೆಗೆದುಕೊಂಡು ಓಡಿ ಬಂದ. ನಾನು ಹಿಂದಿನ ಬಾಗಿಲು ತೆಗೆದು ಅವರ ಕೈ ಹಿಡಿದುಕೊಂಡೆ. ಕೈ ಬೆಚ್ಚಗಿತ್ತು.

ಮಾವನವರು ನಿದ್ದೆಯಿಂದ ಕಣ್ಣು ತೆರೆದರು. ನನ್ನನ್ನು ನೋಡಿದರು, ಬಾಟಲಿ ಹಿಡಿದ ಹುಡುಗನನ್ನು ನೋಡಿದರು, ನಿಂತ ಗಾಡಿಯನ್ನು ನೋಡಿದರು.

"ಯಾಕ ನಿಂತಿತು?" ಎಂದರು. "ಇಷ್ಟು ಲಗೂ ಕೆಟ್ಟಿತೇನು?"

೬. ಯಾರ ಪರ

ಅವತ್ತು ಮನೆಗೆ ಬಂದ ಮೇಲೆ ನಾನು ಅವರ ಮುಂದೆ ಕೂತು ನೇರವಾಗಿ ಕೇಳಿದೆ. "ಹತ್ತು ವರ್ಷದ ಗಾಡಿ ಬೇಕಂತೀರಿ. ಹಂಗಾರ ಎದಿ ಯಾಕ ತೋರಸೂದಿಲ್ಲ?"

ಅವರು ಹೇಳಿದರು: "ಐದು ವರ್ಷ ನನಗ. ಉಳದ ಐದು ನಿಮ್ಮತ್ತಿಗೆ. ನಲವತ್ತು ವರ್ಷ ನಾ ಜಜ್ಜಿದ ಗಾಡಿಗಳ ಫೋಟೋ ನೋಡೇನವಾ. ಯಾವ ಗಾಡ್ಯಾಗ ಕೂತವರು ಎದ್ದು ಬರ್ತಾರ, ಯಾವುದ್ರಾಗ ಬರೂದಿಲ್ಲ ಅನ್ನೂದು ನನಗ ಗೊತ್ತದ. ನಾ ಹ್ವಾದ ಮ್ಯಾಲೆ ಆಕಿ ಯಾವ ಗಾಡ್ಯಾಗ ಅಡ್ಡಾಡ್ತಾಳ ಅನ್ನೂದನ್ನ ಈಗ ನೋಡಿ ಹೋಗಬೇಕು."

ನಾನು ಇಷ್ಟು ದಿನ ಜೋತುಬಿದ್ದಿದ್ದ ಹಗ್ಗ ಕೈಬಿಟ್ಟಿತು. ಅವರು ಬದುಕುವ ತಯಾರಿ ಮಾಡುತ್ತಿದ್ದಾರೆಂದು ನಾನು ತಿಳಿದಿದ್ದೆ. ಅವರು ಹೋಗುವ ತಯಾರಿ ಮಾಡುತ್ತಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ಮಾಡಿದೆ. ಕಡೆಗೆ ಅವರು ಸೋತು, ಹುಬ್ಬಳ್ಳಿಯ ಶಸ್ತ್ರವೈದ್ಯರ ಹತ್ತಿರ ಬರಲು ಒಪ್ಪಿದರು. "ಬರೇ ಹಾಜರಾಗ್ತೇನಿ. ಒಪ್ಪಿಗಿ ಕೊಡೂದಿಲ್ಲ" ಎಂದು ಷರತ್ತು ಹಾಕಿದರು. ದಾರಿಯುದ್ದಕ್ಕೂ ಒಂದೇ ಮಾತು: ಈ ವಯಸ್ಸಿಗೆ ಇದೆಲ್ಲ ಯಾಕೆ, ಈ ವಯಸ್ಸಿಗೆ ಇದೆಲ್ಲ ಯಾಕೆ.

ಶಸ್ತ್ರವೈದ್ಯರು ನಮ್ಮ ಕಡೆಯವರೇ, ನಡುವಯಸ್ಸಿನವರು, ಸಮಾಧಾನದ ಮನುಷ್ಯ. ಕಾಗದದ ಮೇಲೆ ಹೃದಯದ ಚಿತ್ರ ಬರೆದು ತೋರಿಸಿದರು. "ಕವಾಟ ಎರಡು ನಮೂನಿ ಇರ್ತಾವ್ರಿ. ಒಂದು ಲೋಹದ್ದು. ಅದು ಭಾಳ ವರ್ಷ ಬರ್ತದ, ಆದ್ರ ರಕ್ತ ತೆಳ್ಳಗಿಡೂ ಗುಳಿಗಿ ಕಾಯಂ ತಗೋಬೇಕಾಗ್ತದ. ಇನ್ನೊಂದು ಪ್ರಾಣಿಯ ಅಂಗಾಂಶದ್ದು. ಅದಕ್ಕ ಆ ಕಿರಿಕಿರಿ ಇಲ್ಲ, ಬಾಳಿಕಿ ಸ್ವಲ್ಪ ಕಡಿಮಿ. ಆದ್ರ ನಿಮ್ಮ ವಯಸ್ಸಿಗೆ ಅದ ಸಾಕಾಗ್ತದ್ರಿ."

ಮಾವನವರ ತಲೆ ಮೇಲೆದ್ದಿತು.

"ಸಾಕಾಗ್ತದ ಅಂದ್ರ?"

"ಅಂದ್ರ... ನಿಮಗ ಬೇಕಾದಷ್ಟು ದಿವಸ ಬರ್ತದ."

"ನನಗ ಎಷ್ಟು ದಿವಸ ಬೇಕು ಅಂತ ನಿಮಗ ಹೇಳಿದವರು ಯಾರು?"

ವೈದ್ಯರು ನಕ್ಕರು. ನಗಬಾರದಿತ್ತು. "ಹಂಗಲ್ರಿ, ಎಪ್ಪತ್ತೆಂಟು ವರ್ಷ ಅಂದ್ರ ಸಾಮಾನ್ಯವಾಗಿ..."

"ಸಾಮಾನ್ಯದ ಮಾತು ಬ್ಯಾಡ. ಈ ಮನುಷ್ಯಾಂದು ಹೇಳ್ರಿ" ಎಂದು ಮಾವನವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ನಿಂತದ್ದಕ್ಕೆ ದಮ್ಮು ಬಂತು. ಬಂದರೂ ಕೂಡಲಿಲ್ಲ. "ನಮ್ಮವ್ವ ತೊಂಬತ್ತು ದಾಟಿ ಹ್ವಾದಾಕಿ. ನಮ್ಮಣ್ಣ ನನಗಿಂತ ಹತ್ತು ವರ್ಷ ದೊಡ್ಡಾಂವ, ಇವತ್ತೂ ತಾನ ಸಂತಿಗೆ ಹೋಗಿ ಬರ್ತಾನ. ನನಗ ಸಕ್ಕರಿ ಬ್ಯಾನಿ ಇಲ್ಲ. ತಂಬಾಕ ಮುಟ್ಟಿಲ್ಲ. ಹೋದ ವರ್ಷದ ಮಟಾ ಕೋರ್ಟಿನ್ಯಾಗ ನಿಂತು ವಾದಾ ಮಾಡೇನಿ. ಇಂಥಾ ಮನುಷ್ಯಾಗ ವಯಸ್ಸಿನ ಒಂದು ಅಂಕಿ ಹಿಡಕೊಂಡು ಇಷ್ಟ ಸಾಕು ಅನ್ಲಿಕ್ಕೆ ಬರ್ತದೇನು?"

ಇವು ನನ್ನ ಮಾತುಗಳು. ಮಗನನ್ನೋ ಗಂಡನನ್ನೋ ಕಳೆದುಕೊಂಡವರ ಪರವಾಗಿ ನಾನು ಇದೇ ಮಾತುಗಳನ್ನು ಹೇಳಿದಾಗ, ಎದುರು ಮೇಜಿನಿಂದ ಎದ್ದು ಒಂದೊಂದನ್ನೂ ಕತ್ತರಿಸಿ ಹಾಕಿದವರು ಇವರೇ. ಎದುರಿನವರು ಬಲಕ್ಕೆ ಎಂದರೆ ತಾವು ಎಡಕ್ಕೆ ಎನ್ನದೆ ಅವರಿಗೆ ಇರಲು ಬರುವುದಿಲ್ಲ. ಇಷ್ಟು ತಿಂಗಳು ನಾವು ಮನೆಯವರೆಲ್ಲ ನೀವು ಬದುಕಬೇಕು ಎಂದೆವು, ಅದಕ್ಕೇ ಅವರು ಸಾಕು ಎಂದರು. ಈಗ ಎದುರಿನ ಮನುಷ್ಯ ಸಾಕು ಎಂದಿದ್ದ.

"ಇನ್ನೊಂದು ಮಾತು" ಎಂದರು ಮಾವನವರು. "ಈಗ ನಾ ಒಂದು ಗಾಡಿ ತಗೊಳ್ಳಾಕತ್ತೇನಿ. ಹತ್ತು ವರ್ಷದ ಬಾಳಿಕಿ ನೋಡಿ, ಮಾರಾವನ್ನ ಕೇಳಿ, ಮಿಸ್ತ್ರೀನ್ನ ಕೇಳಿ, ಓಡಿಸಿ ನೋಡಿ ತಗೊಳ್ಳಾಕತ್ತೇನಿ. ಹೋಗಾಂವ ಇಂಥಾ ಗಾಡಿ ನೋಡ್ತಾನೇನು? ಬೇಕಾದ್ರ ಈಕಿನ್ನ ಕೇಳ್ರಿ. ಎಲ್ಲಾ ಕಡೆ ನನ್ನ ಜೋಡಿ ಇದ್ಲು."

ವೈದ್ಯರು ನನ್ನ ಕಡೆ ನೋಡಿದರು. ಆ ಗಾಡಿಯನ್ನು ಮಾವನವರು ಯಾಕೆ ನೋಡಿದರು ಎಂಬುದು ಅವರನ್ನು ಬಿಟ್ಟರೆ ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಶುದ್ಧ ಸುಳ್ಳು ಸಾಕ್ಷ್ಯ. ನನ್ನ ವಕೀಲಿಯಲ್ಲಿ ಮೊದಲ ಸಲ ನಾನು ಅವರ ಮಾತಿಗೆ ಆಕ್ಷೇಪಣೆ ಎತ್ತಲಿಲ್ಲ.

"ಖರೆ ಅದ್ರಿ" ಎಂದೆ.

ವೈದ್ಯರು ಪೆನ್ನು ಕೆಳಗಿಟ್ಟು ಕೈಜೋಡಿಸಿದರು. "ಆತ್ರಿ ಸಾಹೇಬ್ರ, ತಪ್ಪಾತು. ಇಪ್ಪತ್ತು ವರ್ಷ ಬಾಳ್ರಿ. ಯಾವ ಕವಾಟ ಅನ್ನೂದನ್ನ ಕೂತು ಮಾತಾಡಿ ಗಟ್ಟಿ ಮಾಡೂಣು. ಹಂಗಾರ ಆಪರೇಷನ್‌ಗೆ ನಿಮ್ಮ ಒಪ್ಪಿಗಿ ಅದ ಅಂತ ತಿಳ್ಕೊಳ್ಲೇನ್ರಿ?"

ಮಾವನವರು ಅವರನ್ನೇ ನೋಡುತ್ತ ನಿಂತರು. ಈಗ ಎಲ್ಲ ನೆನಪಾಗಿ ಮತ್ತೆ ತಿರುಗಿಬಿಡುತ್ತಾರೆ ಎಂದುಕೊಂಡೆ.

"ಮತ್ತ ಇಷ್ಟೊತ್ತು ನಿಂತು ಯಾರ ಪರ ವಾದಾ ಮಾಡಿದೆ ಅಂತ ತಿಳಿದೀರಿ?" ಎಂದರು.

ಆಮೇಲೆ ಕುರ್ಚಿಯಲ್ಲಿ ಮೆಲ್ಲಗೆ ಕೂತು, ಉಸಿರು ತಿರುಗುವ ತನಕ ಕಾದು, ನನ್ನ ಕಡೆ ತಿರುಗಿದರು. ಎಷ್ಟು ವರ್ಷ ಅವರು ವಿಮಾ ಕಂಪನಿಯ ಪರವಾಗಿ ಮುಂದಿನ ತಿಂಗಳಿಗೆ, ಅದರ ಮುಂದಿನ ತಿಂಗಳಿಗೆ ಎಂದು ದೂರದ ತಾರೀಖುಗಳನ್ನೇ ಬೇಡಿ ನನ್ನ ಕಕ್ಷಿದಾರರನ್ನು ಅಳಿಸಿದ್ದರೋ, ಲೆಕ್ಕವಿಲ್ಲ.

"ಏನು ಮಾರಿ ನೋಡಾಕತ್ತಿ?" ಎಂದರು. "ಏಳು. ತಾರೀಖು ತಗೋ. ಲಗೂದು ಬೇಡು."